ಕುದುರೆ ಲಾಯದ ಮೂರು ಗಾಲಿ

ಇಬ್ರಾಹಿಂಪುರದಲ್ಲಿ ನನ್ನ ಮೊದಲ ಮುಂಜಾನೆ ಯಾರೋ ನನ್ನನ್ನು ಹಿಂದಿನಿಂದ ದಬ್ಬಿದರು. ಕೇಳಲಿಲ್ಲ, ಕೆಮ್ಮಲಿಲ್ಲ, ಹುಷಾರ್ ಬೇ ಅನ್ನಲಿಲ್ಲ. ಮೂರು ಗಾಲಿ ಸೈಕಲ್ಲಿನ ಮೇಲೆ ಕೂತಿದ್ದೆನೇ ಹೊರತು ಎದೆಯ ಮುಂದಿನ ಹಿಡಿಕೆಗಳನ್ನು ನಾನಿನ್ನೂ ಗಟ್ಟಿಯಾಗಿ ಹಿಡಿದಿರಲಿಲ್ಲ. ಗಾಡಿ ತನ್ನ ಪಾಡಿಗೆ ತಾನು ಓಡಿತು. ಓಣಿಯ ಕೋಳಿಗಳೆಲ್ಲ ಚೆಲ್ಲಾಪಿಲ್ಲಿ. ನಾನು ಯವ್ವಾ ಅನ್ನುವುದರೊಳಗೆ, ಟಾಂಗಾ ಕುದುರೆಗೆಂದು ತಂದಿಟ್ಟ ಹಸಿ ಹುಲ್ಲಿನ ಹೊರೆಯಲ್ಲಿ ನನ್ನ ಮುಖ ಹುದುಗಿತ್ತು. ಹೊರಳಿ ನೋಡಿದರೆ ಬಿಳಿ ಟೊಪ್ಪಿಗೆಯ ಮುದುಕರೊಬ್ಬರು ಕೈ ಝಾಡಿಸಿಕೊಂಡು, ಭಾಳ ಸಮಾಧಾನದಿಂದ ತಮ್ಮ ದಾರಿ ಹಿಡಿದು ಹೊರಟಿದ್ದರು. ಒಳ್ಳೇ ಕೆಲಸ ಮಾಡಿದೆ ಅನ್ನುವ ತೃಪ್ತಿ ಅವರ ನಡಿಗೆಯಲ್ಲೇ ಕಾಣುತ್ತಿತ್ತು. ನಾನು ಬಾಯಿಗೆ ಬಂದ ಹುಲ್ಲು ಉಗುಳಿದೆ.

ಊರ ಕಡೆಯವರು ನೀವು ನಗಬಹುದು. ಕಾಖಂಡಕಿಯಿಂದ ಬಿಜಾಪುರ ಏನು ಮಹಾ ದೂರ, ಬಬಲೇಶ್ವರ ದಾಟಿದರೆ ಬಂದೇಬಿಟ್ಟಿತು, ಇದಕ್ಕೂ ವಲಸೆ ಅಂತಾರೇನು ಅಂತ. ಅನ್ರಿ, ನಿಮಗೆ ಕಾಲಿದ್ದಾವ. ನನಗೆ ಮೂರು ವರ್ಷದವಳಿದ್ದಾಗ ಜ್ವರ ಬಂದು ಎರಡೂ ಕಾಲು ಹೋದವು. ಅಲ್ಲಿಂದ ಮುಂದೆ ನನ್ನ ಲೋಕವೆಂದರೆ ನಮ್ಮ ಕಟ್ಟೆ, ಕುರಿಹಟ್ಟಿ, ಮತ್ತೆ ನನ್ನ ಅಣ್ಣ ಮಲ್ಲಪ್ಪನ ಬೆನ್ನು. ಹಿತ್ತಲಕ್ಕೆ ಹೋಗಬೇಕಾದರೂ ಅವನ ಬೆನ್ನು, ಸಾಲಿಗೆ ಅವನ ಬೆನ್ನು, ಯಾರದಾದರೂ ಮದುವೆಗೆ ಹೋದರೂ ಅವನ ಬೆನ್ನು. ನಮ್ಮೂರನ್ನು ನಾನು ನೋಡಿದ್ದೆಲ್ಲ ಅವನ ಎಡಗಿವಿಯ ಪಕ್ಕದಿಂದ. ಅವನು ಎತ್ತ ಹೊರಳಿದರೆ ನನಗೆ ಅತ್ತಲ ಊರು ಕಾಣುತ್ತಿತ್ತು. ಆ ಬೆನ್ನಿನಿಂದ ಇಳಿದು ಬಂದಿದ್ದೇನಲ್ಲ, ಅದಕ್ಕೆ ವಲಸೆ ಅನ್ನದೆ ಮತ್ತೇನು ಅನ್ನಲಿ?

ಬಂದ ಕಾರಣ ಹೇಳುತ್ತೇನೆ. ಕಾಲಿಲ್ಲದವಳ ಕೈ ಸುಮ್ಮನಿರುವುದಿಲ್ಲ. ಸಣ್ಣಾಕಿದ್ದಾಗಿಂದ ಕುರಿಯ ಉಣ್ಣೆ ನೂತು ನೂತು ನನ್ನ ರಟ್ಟೆ ಗಂಡಸರ ರಟ್ಟೆಯ ಹಾಗೆ ಗಟ್ಟಿಯಾಗಿದ್ದವು. ಆಮೇಲೆ ಹೊಲಿಗೆ ಕಲಿತೆ. ಕಾಲಿನಿಂದ ತುಳಿಯುವ ಮಷೀನಲ್ಲ, ಹಿಡಿಕೆ ತಿರುವುವ ಕೈಮಷೀನು. ಎಪ್ಪತ್ತರ ದಶಕ ನಡುವಿಗೆ ಬಂದಿತ್ತು. ಬಿಜಾಪುರದಲ್ಲಿ ದವಾಖಾನೆಯ ಚಾದರ, ಸಾಲಿಯ ಮಕ್ಕಳ ಅಂಗಿ ಹೊಲಿಯುವ ಒಂದು ಕೇಂದ್ರದಲ್ಲಿ ನನಗೆ ಕೆಲಸ ಸಿಕ್ಕಿತು. ಅದರ ಬೆನ್ನಿಗೇ ಸರಕಾರದ ಕಡೆಯಿಂದ ಈ ಮೂರು ಗಾಲಿ ಸೈಕಲ್ಲೂ ಬಂತು. ಹಿಂದೆ ಎರಡು ಗಾಲಿ, ಮುಂದೆ ಒಂದು. ಎದೆಯ ಎದುರಿಗೆ ಎರಡು ಹಿಡಿಕೆ. ತಿರುವಿದರೆ ಸರಪಳಿ ಮುಂದಿನ ಗಾಲಿಯನ್ನು ಎಳೆಯುತ್ತದೆ, ಎಡಕ್ಕೋ ಬಲಕ್ಕೋ ವಾಲಿಸಿದರೆ ಗಾಡಿ ಆ ಕಡೆ ಹೊರಳುತ್ತದೆ. ಕಾಲಿನ ಕೆಲಸ ಏನೂ ಇಲ್ಲ. ಮೊದಲ ಸಲ ಅದನ್ನು ಕಂಡಾಗ ನನಗೆ ಅಳು ಬಂತು. ನಾನು ಅಂಜಿದೆನೇನೋ ಅಂತ ಅವ್ವ ಅಂದುಕೊಂಡಳು. ಅಂಜಿಕೆ ಅಲ್ಲ, ನನಗೆ ಹೊಟ್ಟೆ ತುಂಬ ಸಂತೋಷವಾಗಿತ್ತು.

ಮನೆ ಹುಡುಕುವುದು ದೊಡ್ಡ ಫಜೀತಿಯಾಯಿತು. ಊರಲ್ಲಾಗಲಿ ಪೇಟೆಯಲ್ಲಾಗಲಿ, ಮನೆಯೆಂದರೆ ಮೊದಲು ಮೆಟ್ಟಿಲು, ಆಮೇಲೆ ಹೊಸ್ತಿಲು, ಅದರಾಚೆ ಮತ್ತೊಂದು ಹೊಸ್ತಿಲು. ನಾಲ್ಕು ಕಡೆ ನೋಡಿ ಸಾಕಾಗಿ, ಕಡೆಗೆ ಇಬ್ರಾಹಿಂಪುರದಲ್ಲಿ ರಸೂಲ್ ಚಾಚಾರ ಮನೆಗೆ ಬಂದೆವು. ಅವರು ಟಾಂಗಾ ಹೊಡೆಯುವವರು. ಹೆಂಡತಿ ಹಮೀದಾ ಚಾಚಿ. ನಾವು ಕಾಕಾ, ಕಾಕು ಅಂತೀವಲ್ಲ, ಇಲ್ಲಿ ಚಾಚಾ, ಚಾಚಿ ಅನ್ನುತ್ತಾರೆ. ಅವರ ಅಂಗಳದಲ್ಲಿ ಕುದುರೆಗೆ ಹೊಸ ಲಾಯ ಕಟ್ಟಿದ್ದರಿಂದ ಪಕ್ಕದ ಹಳೆಯ ಲಾಯ ಖಾಲಿ ಇತ್ತು. ಗೋಡೆಗೆ ಸುಣ್ಣ ಹಚ್ಚಿ, ನೆಲಕ್ಕೆ ಫರಸಿ ಕಲ್ಲು ಹಾಸಿ ಬಾಡಿಗೆಗೆ ಇಟ್ಟಿದ್ದರು. ಕುದುರೆ ಕಟ್ಟಿದ ಜಾಗ, ನಿನಗೆ ನಡೆಯುತ್ತದೇನು ಅಂತ ಚಾಚಿ ಸಂಕೋಚದಿಂದಲೇ ಕೇಳಿದರು. ಕುದುರೆಗೆ ನಡೆದದ್ದು ನನಗ್ಯಾಕೆ ನಡೆಯಬಾರದು ಅಂದೆ. ಅಗಲ ಬಾಗಿಲು. ಹೊಸ್ತಿಲಿಲ್ಲ. ಬೀದಿಯಿಂದ ಸೈಕಲ್ ಸೀದಾ ಒಳಗೆ, ಹಾಸಿಗೆಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅರಮನೆ ಕೊಟ್ಟಿದ್ದರೂ ನನಗೆ ಇಷ್ಟು ಒಪ್ಪುತ್ತಿರಲಿಲ್ಲ ಅಂತೀನಿ.

ಅವ್ವನಿಗೆ ಮಾತ್ರ ಒಪ್ಪಲಿಲ್ಲ. ಹೊಸ್ತಿಲಿಲ್ಲದ ಮನೆಗೆ ಅರಿಷಿಣ ಕುಂಕುಮ ಎಲ್ಲಿಗೆ ಹಚ್ಚುತ್ತೀ, ಲಕ್ಷ್ಮಿ ಎಲ್ಲಿ ಕಾಲಿಟ್ಟು ಒಳಗೆ ಬರಬೇಕು ಅಂತ ಕಣ್ಣೀರು ಹಾಕಿದಳು. ಲಕ್ಷ್ಮಿ ಗಾಲಿಯ ಮೇಲೆ ಬರುತ್ತಾಳೆ ತಗೋ ಅಂತ ನಾನು ಸೈಕಲ್ಲಿನ ಮೂರೂ ಗಾಲಿಗೆ ಕುಂಕುಮ ಹಚ್ಚಿದೆ. ಅವ್ವ ಅಳುತ್ತಲೇ ನಕ್ಕಳು.

ಇನ್ನು ಆ ದಬ್ಬುವ ವಿಷಯ. ಮೊದಲ ದಿನದ ಮುದುಕರು ಒಬ್ಬರೇ ಅಲ್ಲ. ಓಣಿಯಲ್ಲಿ ಯಾರು ಹಿಂದೆ ಬಂದರೂ ಒಂದು ಕೈ ಹಾಕಿಯೇ ಮುಂದೆ ಹೋಗುವವರು. ನಮಾಜಿಗೆ ಹೊರಟವರು, ಹಾಲು ತರುವವರು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು, ಎಲ್ಲರೂ. ಯಾಕೆ ಅಂತ ಚಾಚಿಯನ್ನು ಕೇಳಿದೆ. ಅದು ಸವಾಬ್ ಅಂದರು. ಸವಾಬ್ ಅಂದರೆ ನಮ್ಮ ಪುಣ್ಯ. ನಡೆಯಲಾರದವರ ಗಾಡಿ ದಬ್ಬಿದರೆ ಮುಂಜಾನೆ ಮುಂಜಾನೆ ಸವಾಬ್ ಸಿಗುತ್ತದೆ. ಅವರಿಗೇನೋ ಸಿಗುತ್ತದೆ, ನನಗೆ ಸಿಗುವುದು ಗಟಾರ! ಊರಲ್ಲಿ ಹೊತ್ತು ತಿರುಗಿದರು, ಇಲ್ಲಿ ದಬ್ಬುತ್ತಾರೆ. ಎರಡೂ ಪ್ರೀತಿಯೇ, ಒಲ್ಲೆ ಅನ್ನಲಿಕ್ಕೆ ಬಾಯಿ ಬರುವುದಿಲ್ಲ. ಆದರೆ ನನಗೆ ಎತ್ತ ಹೋಗಬೇಕಾಗಿದೆ ಅಂತ ಅಲ್ಲೂ ಕೇಳಲಿಲ್ಲ, ಇಲ್ಲೂ ಕೇಳಲಿಲ್ಲ.

ಕಡೆಗೆ ನಾನೇ ಒಂದು ರಿವಾಜು ಮಾಡಿದೆ. ಸೈಕಲ್ಲಿಗೆ ಗಂಟೆ ಹಾಕಿಸಿದೆ. ನಾನು ಗಂಟೆ ಬಾರಿಸಿದರೆ ದಬ್ಬಬೇಕು, ಬಾರಿಸದಿದ್ದರೆ ಯಾರೂ ಕೈ ಹಚ್ಚುವಂತಿಲ್ಲ. ಬೇರೆಯವರ ಗಂಟೆ ಸರೀರಿ ಅನ್ನುತ್ತದೆ, ನನ್ನದು ಬರ್ರಿ ಅನ್ನುತ್ತದೆ ಅಂತ ಚಾಚಿ ನಲ್ಲಿಯ ಹತ್ತಿರ ನಿಂತು ಓಣಿಗೆಲ್ಲ ಸಾರಿದರು. ಸಿಟ್ಟಿಗೇಳುತ್ತಾರೇನೋ ಅಂದುಕೊಂಡಿದ್ದೆ. ಯಾರೂ ಏಳಲಿಲ್ಲ. ಬಿಳಿ ಟೊಪ್ಪಿಗೆಯ ಮುದುಕರು ಮಾತ್ರ ದಿನಾ ನನ್ನ ಪಕ್ಕದಲ್ಲಿ ನಿಧಾನಕ್ಕೆ ನಡೆಯುತ್ತ, ಗಂಟೆಯ ಕಡೆ ಆಸೆಯಿಂದ ನೋಡುವರು. ಪಾಪ ಅನಿಸಿ ಆಗಾಗ ಸುಮ್ಮನೆ ಒಮ್ಮೆ ಬಾರಿಸುತ್ತಿದ್ದೆ.

ಓಣಿ ಗೆದ್ದಂತಾಯಿತು. ಉಳಿದದ್ದು ರೈಲು ಗೇಟು.

ಇಬ್ರಾಹಿಂಪುರಕ್ಕೂ ಪೇಟೆಗೂ ನಡುವೆ ರೈಲಿನ ಹಳಿ. ಹಳಿಗೆ ಹೋಗುವ ರಸ್ತೆ ಏರು. ಕಾಲಿದ್ದವರಿಗೆ ಅದು ಏರು ಅಂತ ಗೊತ್ತೂ ಆಗುವುದಿಲ್ಲ. ಕೈಯಿಂದ ಗಾಡಿ ನಡೆಸುವವಳಿಗೆ ಮಾತ್ರ ಅದು ಗುಡ್ಡ. ಮೇಲೆ ಹತ್ತಿದ ಮೇಲೆ ಹಳಿಗಳನ್ನು ದಾಟಬೇಕು, ಗಾಲಿ ಸಂದಿಯಲ್ಲಿ ಸಿಗಬಾರದು, ಗೇಟು ಬೀಳುವುದರೊಳಗೆ ಆಚೆ ಇರಬೇಕು. ಮೊದಮೊದಲು ಅಣ್ಣ ಜೊತೆಗಿದ್ದು ದಿನಾ ದಬ್ಬಿ ದಾಟಿಸುತ್ತಿದ್ದ. ನನ್ನ ಸಲುವಾಗಿಯೇ ಬಂದು ಲಾಯದ ಮುಂದಿನ ಕಟ್ಟೆಯ ಮೇಲೆ ಮಲಗುತ್ತಿದ್ದ. ಆದರೆ ಅಪ್ಪ ಇಲ್ಲದ ಮನೆ ನಮ್ಮದು, ಹೊಲಕ್ಕೆ ಅವನೊಬ್ಬನೇ. ಹಿಂಗಾರಿ ಜೋಳದ ಬಿತ್ತಿಗೆ ಹತ್ತಿರ ಬರುತ್ತಿತ್ತು. ಒಂದು ದಿನ ರೊಟ್ಟಿ ಮುರಿಯುತ್ತ, ನನ್ನ ಮುಖ ನೋಡದೆ ಹೇಳಿದ.

“ಬಿತ್ತಿಗಿ ಬರೂತನಾ ಇಲ್ಲೇ ಇರ್ತೀನಿ ನೀಲವ್ವಾ. ಅಷ್ಟರಾಗ ಆ ಗೇಟ ನೀ ಒಬ್ಬಾಕಿನ ದಾಟಿದ್ರ ಇಲ್ಲೇ ಇರು. ಇಲ್ಲಂದ್ರ ನನ್ನ ಜೋಡಿ ಊರಿಗೆ ನಡಿ. ದಿನಾ ಗೇಟಿಗೆ ಬಂದು ಯಾರರೆ ದಬ್ಬತಾರನು ಅಂತ ನೀ ದಾರಿ ಕಾಯೂದು ನನಗ ನೋಡಾಕ ಆಗಂಗಿಲ್ಲ.”

ಅವನ ಮಾತು ಕಟುವಾಗಿತ್ತು, ಆದರೆ ಖರೇ ಇತ್ತು. ಗೇಟಿನ ಹತ್ತಿರ ಇರುವವರೆಲ್ಲ ಓಣಿಯವರಲ್ಲ. ಟಿಕೋಟಾ, ಹೊನವಾಡದ ಕಡೆಯಿಂದ ಸಂತೆಗೆ ಬಂದ ಗಾಡಿಗಳು, ಅವಸರದ ಜನ. ನನ್ನ ಗಂಟೆಯ ಭಾಷೆ ಅವರಿಗೆ ಹೇಗೆ ಗೊತ್ತಾಗಬೇಕು? ಒಂದು ದಿನ ಯಾರೂ ದಬ್ಬದಿದ್ದರೆ ಕೆಲಸಕ್ಕೆ ಹೋಗುವ ಹಾಗಿಲ್ಲ. ಕೆಲಸ ಹೋದರೆ ಲಾಯ ಹೋಯಿತು, ಲಾಯ ಹೋದರೆ ಮತ್ತೆ ಅದೇ ಕಟ್ಟೆ, ಅದೇ ಬೆನ್ನು. ನಾನು ಆಗಲಿ ಅಂದೆ.

ಅಣ್ಣ ನನ್ನ ಪರೀಕ್ಷೆಗೆ ತಾನೇ ಸಿದ್ಧತೆ ಮಾಡಿದ. ನನ್ನ ಮೇಲೆ ಅವನಿಗೆ ಎಷ್ಟು ಪ್ರೀತಿಯೋ ಗಾಡಿಯ ಮೇಲೂ ಅಷ್ಟೇ. ಗಾಡಿ ಕಿರುಗುಟ್ಟಿದರೆ ಗಾಡಿಕಾರನ ಮಾನ ಹೋಯಿತು ಅನ್ನುವವನು. ಊರಿಗೆ ಹೋಗಿ ಒಂದು ಬಿದಿರಿನ ಗೊಟ್ಟ ತುಂಬ ಕೀಲೆಣ್ಣೆ ತಂದ. ನಿಮಗೆ ಹೇಳಬೇಕಾಗಿಲ್ಲ, ಆದರೆ ಪೇಟೆಯ ಹುಡುಗರಿಗೆ ಹೇಳುತ್ತೇನೆ: ಹರಳೆಣ್ಣೆಗೆ ಸುಟ್ಟ ಜೋಳದ ಕಣಿಕೆಯ ಮಸಿ ಕಲಸಿ ಮಾಡುವ ಕರಿ ಮುದ್ದೆ ಅದು. ಎತ್ತಿನ ಗಾಡಿಯ ಅಚ್ಚಿಗೆ ಅದನ್ನೇ ಮೆತ್ತುವುದು. ಅಣ್ಣ ಸೈಕಲ್ಲಿನ ಸರಪಳಿಯ ಒಂದೊಂದು ಕೊಂಡಿಗೂ ಬೆರಳಿನಿಂದ ಕೀಲೆಣ್ಣೆ ತುಂಬಿದ. ಚಾಚಾ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಇನ್ನೊಂಚೂರು ಹಚ್ಚು ಮಲ್ಲಪ್ಪಾ, ಟಾಂಗಾದ ಗಾಲಿಗೂ ಹೀಗೇ ದಪ್ಪ ಹಚ್ಚಬೇಕು ಅಂತ ಹುರುಪು ತುಂಬಿದರು. ಎತ್ತಿನ ಗಾಡಿಯವನು, ಕುದುರೆ ಗಾಡಿಯವರು, ಇಬ್ಬರೂ ಒಂದಾದ ಮೇಲೆ ಮೂರು ಗಾಲಿಯವಳ ಬಾಯಿಗೆ ಏನು ಕೆಲಸ? ನನಗೂ ಅದು ಸರಿಯೇ ಅನಿಸಿತು. ಗಾಡಿ ಅಂದಮೇಲೆ ಕೀಲೆಣ್ಣೆ ಬೇಕೇ ಬೇಕಲ್ಲ.

ಮರುದಿನ ಅಣ್ಣ ದಬ್ಬದೆ ಪಕ್ಕದಲ್ಲಿ ನಡೆದು ಬಂದ. ಹಿಡಿಕೆ ಅಂದು ಮುಂಜಾನೆಯಿಂದಲೇ ಭಾರವಾಗಿತ್ತು, ನನ್ನ ಅಂಜಿಕೆಯೇ ಭಾರ ಅಂದುಕೊಂಡೆ. ಏರು ಹತ್ತುವಷ್ಟರಲ್ಲಿ ರಸ್ತೆಯ ಧೂಳೆಲ್ಲ ಕೀಲೆಣ್ಣೆಗೆ ಅಂಟಿ ಸರಪಳಿ ಕಣಕದ ಹಾಗೆ ಗಟ್ಟಿಯಾಗಿತ್ತು. ಮುಂದಿನ ಗಾಲಿ ಮೊದಲ ಹಳಿ ದಾಟಿತು, ಅಲ್ಲೇ ಹಿಡಿಕೆ ನಿಂತಿತು. ತಿರುವಿದೆ, ಇಲ್ಲ. ಹಿಂದಕ್ಕೆ ತಿರುವಿದೆ, ಇಲ್ಲ. ಅಷ್ಟರಲ್ಲಿ ಸೊಲ್ಲಾಪುರದ ರೈಲಿಗೆಂದು ಗೇಟು ಇಳಿಯತೊಡಗಿತು. ರೈಲು ಇನ್ನೂ ದೂರವಿತ್ತು ನಿಜ, ಆದರೆ ಹಳಿಯ ಮೇಲೆ ಕೂತವಳಿಗೆ ದೂರ ಎಷ್ಟು ಅಂತ ಕಾಣುವುದಿಲ್ಲ. ನಾನು ಗಂಟೆ ಬಾರಿಸಿದೆ, ಬಾರಿಸುತ್ತಲೇ ಇದ್ದೆ. ಅಣ್ಣ ನನ್ನನ್ನು ಸೀಟಿನಿಂದ ಕಿತ್ತು ಬೆನ್ನಿಗೆ ಹಾಕಿಕೊಂಡ. ಗೇಟಿಗೆ ನಿಂತ ಗಂಡಸರು ಓಡಿಬಂದು ಸೈಕಲ್ ಎತ್ತಿ ಆಚೆ ಇಟ್ಟರು. ಮೈ ತುಂಬ ಬೆವತಿದ್ದೆ. ಅಣ್ಣನ ಕುತ್ತಿಗೆಯಲ್ಲಿ ಮುಖವಿಟ್ಟಾಗ ಅದೇ ಹಳೆಯ ವಾಸನೆ, ಕುರಿ ಮತ್ತು ಬೆವರು. ಅಲ್ಲೇ ಇದ್ದುಬಿಡೋಣ ಅಂತ ಒಂದು ಗಳಿಗೆ ಖರೇನೇ ಅನಿಸಿತು.

“ಸಾಕವಾ,” ಅಂದ ಅಣ್ಣ. “ಊರಿಗೆ ಹೋಗೂಣು.”

ಅಂದು ಅವನೇ ನನ್ನನ್ನು ಹೊತ್ತು ಹೊಲಿಗೆ ಕೇಂದ್ರಕ್ಕೆ ಬಿಟ್ಟ, ಸೈಕಲ್ಲನ್ನು ಲಾಯಕ್ಕೆ ಎಳೆದೊಯ್ದ. ಸಂಜೆ ಗಂಟುಮೂಟೆ ಕಟ್ಟುವುದು ಅಂತಾಯಿತು. ನಾನು ಮಷೀನಿನ ಮುಂದೆ ಕೂತೆ. ಸುಮ್ಮನೆ ಕೂತರೆ ಅಳು ಬರುತ್ತದೆ ಅಂತ ಮಷೀನಿಗೆ ಎಣ್ಣೆ ಬಿಡಲು ಹೋದೆ. ಮೊದಲು ಬಟ್ಟೆಯಿಂದ ಹಳೆಯ ಜಿಡ್ಡು ಒರೆಸಬೇಕು. ಆಮೇಲೆ ನೀರಿನಂಥ ತೆಳು ಎಣ್ಣೆ, ಒಂದೊಂದೇ ಹನಿ. ದಪ್ಪ ಎಣ್ಣೆ ಹಾಕಿದರೆ ಮಷೀನು ಬಿಗಿಯುತ್ತದೆ ಅಂತ ನಾನೇ ಊರಿನ ಹುಡುಗಿಯರಿಗೆ ಬೈದು ಬೈದು ಕಲಿಸಿದ್ದೆ. ಎಣ್ಣೆಯ ಡಬ್ಬಿ ಕೈಯಲ್ಲೇ ಉಳಿಯಿತು. ನನ್ನೆದುರು ಒಂದು ಹಿಡಿಕೆ, ತಿರುವಿದರೆ ಓಡುವ ಗಾಲಿ. ಅಯ್ಯ ನನ್ನ ಬುದ್ಧಿಯೇ! ನನ್ನ ಸೈಕಲ್ಲು ಎತ್ತಿನ ಗಾಡಿಯ ಕುಲದ್ದಲ್ಲ, ಇದರ ಕುಲದ್ದು. ಗಂಡಸರು ತಮಗೆ ಗೊತ್ತಿದ್ದ ಗಾಡಿಗೆ ಮಾಡಿದ ಹಾಗೆ ಮಾಡಿದ್ದರು. ನನಗೆ ಗೊತ್ತಿದ್ದದ್ದು ಕೈಮಷೀನು, ಅದನ್ನು ನಾನು ನೆನೆಸಿಕೊಂಡೇ ಇರಲಿಲ್ಲ.

ಸಂಜೆ ಗಂಟು ಕಟ್ಟಲಿಲ್ಲ. ಚಾಚಿಯಿಂದ ಚಿಮಣಿ ಎಣ್ಣೆ ಇಸಿದುಕೊಂಡು, ಹಳೆಯ ಸೀರೆ ಹರಿದು, ಸರಪಳಿಯನ್ನು ಕೊಂಡಿ ಕೊಂಡಿಯಾಗಿ ತೊಳೆದೆ. ಚಾಚಿಯೂ ತೋಳೇರಿಸಿ ಕೂತರು. ಇಬ್ಬರ ಕೈಯೂ ಮೊಣಕೈತನಕ ಮಸಿ. ಅಣ್ಣ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದ. ತಾನು ತಂದ ಎಣ್ಣೆ ಹೀಗೆ ಗಟಾರದ ಪಾಲಾದದ್ದು ಅವನಿಗೆ ಭಾಳ ಹತ್ತಿತ್ತು. ಒರೆಸಿ ಒಣಗಿಸಿ ಮಷೀನೆಣ್ಣೆ ಬಿಟ್ಟು ಹಿಡಿಕೆ ತಿರುವಿದೆ. ಸರಪಳಿ ಸದ್ದೇ ಇಲ್ಲದೆ ಹರಿಯಿತು. ಅಣ್ಣ ಎದ್ದು ಬಂದು, ತಾನೂ ಒಂದೇ ಬೆರಳಿನಿಂದ ಹಿಡಿಕೆ ತಿರುವಿ ನೋಡಿದ. ಮುಂಜಾನೆ ಒಂದು ಸಲ ನೋಡೋಣ ಅಂತ ನಾನೇ ಅಂದೆ.

ಮುಂಜಾನೆ ಹೊರಟಾಗ ಓಣಿಗೆಲ್ಲ ಸುದ್ದಿ ಗೊತ್ತಾಗಿತ್ತು. ಗೇಟಿನ ಈ ಕಡೆ ಚಾಚಾ ಟಾಂಗಾ ನಿಲ್ಲಿಸಿಕೊಂಡು ನಿಂತಿದ್ದರು, ಬಿಳಿ ಟೊಪ್ಪಿಗೆಯ ಮುದುಕರೂ ಇದ್ದರು. ಅಣ್ಣ ನನ್ನ ಹಿಂದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬರುತ್ತಿದ್ದ. ಕೈ ಕಟ್ಟಿಕೋ ಅಂತ ನಾನೇ ಹೇಳಿದ್ದೆ, ಬಿಟ್ಟರೆ ತಡೆಯಲಾರ ಅಂತ ಗೊತ್ತಿತ್ತು. ಅರ್ಧ ಏರು ಚೆಂದಾಗಿಯೇ ಹತ್ತಿದೆ. ಅಲ್ಲಿ ರಟ್ಟೆ ಸೋತವು. ಗಾಡಿ ನಿಂತಿತು, ಒಂಚೂರು ಹಿಂದಕ್ಕೂ ಜಾರಿತು. ಎಲ್ಲರ ಕಣ್ಣು ನನ್ನ ಗಂಟೆಯ ಮೇಲೆ. ಹೆಬ್ಬೆರಳು ಅದರ ಮೇಲೆಯೇ ಇತ್ತು. ಒಂದು ಸಲ ಒತ್ತಿದ್ದರೆ ಹತ್ತು ಕೈ ಬೆನ್ನಿಗೆ ಬೀಳುತ್ತಿದ್ದವು, ನಾನು ಆಚೆ ಇರುತ್ತಿದ್ದೆ, ಮತ್ತೆ ಬಸ್ಸು ಹತ್ತಿ ಊರಿನಲ್ಲಿರುತ್ತಿದ್ದೆ.

ಹಿಂದಿನಿಂದ ಅಣ್ಣನ ದನಿ ಬಂತು. “ಸೀದಾ ಯಾಕ ಹತ್ತಾಕತ್ತಿ? ಎತ್ತು ಏರು ಹ್ಯಾಂಗ ಹತ್ತತಾವ? ಅಡ್ಡ ಹೊಡಿ, ಅಡ್ಡ!”

ತುಂಬಿದ ಗಾಡಿ ಏರಿಗೆ ಬಂದಾಗ ನಮ್ಮ ಎತ್ತುಗಳು ಹಾವಿನ ಹಾಗೆ ಅಡ್ಡಡ್ಡ ಹೋಗುವುದನ್ನು ಅವನ ಬೆನ್ನ ಮೇಲಿಂದಲೇ ಎಷ್ಟು ಸಲ ನೋಡಿದ್ದೆ. ಹಿಡಿಕೆ ಎಡಕ್ಕೆ ವಾಲಿಸಿದೆ, ನಾಲ್ಕು ಸುತ್ತು. ಬಲಕ್ಕೆ, ನಾಲ್ಕು ಸುತ್ತು. ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹೊಲಿಗೆ ಹಾಕುತ್ತ ಹೋದ ಹಾಗೆ ಹೋದೆ. ಎದುರು ಬಂದ ಜೋಳದ ಗಾಡಿಯವನು ಬೈಯುತ್ತ ನಿಂತ, ಬೈಯಲಿ. ಮೇಲೆ ಬಂದೆ. ಅಲ್ಲಿ ಗಾಡಿ ನೆಟ್ಟಗೆ ಮಾಡಿಕೊಂಡು ಉಸಿರು ಹಿಡಿದು ತಿರುವಿದೆ. ಒಂದು ಹಳಿ, ದಡಕ್. ಇನ್ನೊಂದು ಹಳಿ, ದಡಕ್. ಆಮೇಲೆ ಇಳಿಜಾರು. ಗಾಳಿಗೆ ಸೆರಗು ಹಾರಿತು. ಹಿಂದೆ ಯಾರ ಕೈಯೂ ಇರಲಿಲ್ಲ, ಮುಂದೆ ಯಾರ ಕಿವಿಯೂ ಇರಲಿಲ್ಲ. ರಸ್ತೆಯೆಲ್ಲ ನನಗೊಬ್ಬಳಿಗೇ ಪೂರ್ತಿ ಕಾಣುತ್ತಿತ್ತು. ನಾನು ಆ ಸಂತೋಷವನ್ನು ಈಗಲೂ ಮರೆತಿಲ್ಲ.

ಹೊರಳಿ ನೋಡಿದರೆ ಅಣ್ಣ ಗೇಟಿನ ಕಂಬಕ್ಕೆ ಒರಗಿ ಕೂತು ರುಮಾಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಹತ್ತಿದವಳು ನಾನು, ಬೆವತವನು ಅವನು. ಎರಡು ದಿನದ ಮೇಲೆ ಊರಿಗೆ ಹೋದ, ಬಿತ್ತಿಗೆ ತಪ್ಪಲಿಲ್ಲ. ಹೋಗುವಾಗ ಕೀಲೆಣ್ಣೆಯ ಗೊಟ್ಟ ಲಾಯದಲ್ಲೇ ಬಿಟ್ಟು ಹೋದ. ಲಾಯದ ಬಾಗಿಲಿನ ತಿರುಗಣಿಗೆ ಅದನ್ನು ಹಚ್ಚುತ್ತೇನೆ. ಬಾಗಿಲು ಸದ್ದು ಮಾಡುವುದಿಲ್ಲ.

ಆಮೇಲೆ ಒಂಟಿತನ ಇರಲಿಲ್ಲ ಅಂದರೆ ಸುಳ್ಳಾದೀತು. ಊರಲ್ಲಿ ನಾನು ಒಬ್ಬಳೇ ಕೂತು ಉಂಡದ್ದೇ ಇಲ್ಲ. ಇಲ್ಲಿ ರಜೆಯ ದಿನ ರೊಟ್ಟಿ ಬಡಿದು ಮುಂದಿಟ್ಟುಕೊಂಡು, ಪಕ್ಕದ ಲಾಯದ ಕುದುರೆ ಹುಲ್ಲು ಮೇಯುವ ಸಪ್ಪಳ ಕೇಳುತ್ತ ಉಣ್ಣುತ್ತಿದ್ದೆ. ಊರಲ್ಲಿ ಬಾಯಾರಿದರೆ ಒಂದು ಸಲ ಕೆಮ್ಮಿದರೆ ಸಾಕು, ಅವ್ವ ಚರಿಗೆ ಹಿಡಿದು ಬರುತ್ತಿದ್ದಳು. ಇಲ್ಲಿ ಗಂಟೆ ಬಾರಿಸಬೇಕು. ಆದರೆ ಇಲ್ಲಿ ನನ್ನ ಬಳೆ ನಾನೇ ಅಂಗಡಿಗೆ ಹೋಗಿ ಆರಿಸಿಕೊಂಡೆ. ಊರಿಗೆ ಬಂದಾಕಿ ನೀರಿಗೆ ಬರದೇ ಇರ್ತಾಳೇನು ಅನ್ನುತ್ತ ನಲ್ಲಿಯ ಪಾಳಿಯಲ್ಲಿ ಸೈಕಲ್ ನಿಲ್ಲಿಸಿ ಜಗಳವನ್ನೂ ಆಡಿದೆ. ರಂಜಾನ್ ಹಬ್ಬದ ದಿನ ಚಾಚಿ ಶೀರ್ ಖುರ್ಮಾ ತಂದುಕೊಟ್ಟಾಗ, ಹಾಲಿನಲ್ಲಿ ಕುದಿಸಿದ ಆ ಶಾವಿಗೆಯ ರುಚಿಗೆ ಅವ್ವನ ಶಾವಿಗೆ ನೆನಪಾಗಿ ಅತ್ತೂ ಬಿಟ್ಟೆ. ಒಮ್ಮೆ ಜ್ವರ ಬಂದು ಮಲಗಿದ್ದೆ. ಹೊತ್ತೇರಿದರೂ ನಾನು ಹೊರಗೆ ಕಾಣಲಿಲ್ಲ ಅಂತ ಚಾಚಿ ತಾವಾಗಿಯೇ ಗಂಜಿ ಹಿಡಿದು ಒಳಗೆ ಬಂದರು. ನಾನು ಗಂಟೆ ಬಾರಿಸಿರಲಿಲ್ಲ.

ಎಳ್ಳ ಅಮಾಸಿ ಹಬ್ಬಕ್ಕೆ ಊರಿಗೆ ಹೋದೆ. ಸೈಕಲ್ ಚಾಚಾರ ಹತ್ತಿರ ಬಿಟ್ಟು ಹೋದೆ. ನಮ್ಮೂರ ಎರೆಮಣ್ಣಿನಲ್ಲಿ ಅದರ ಆಟ ನಡೆಯುವುದಿಲ್ಲ, ನಾಲ್ಕು ಮಾರು ಹೋಗುವುದರೊಳಗೆ ಗಾಲಿಗೆ ಮಣ್ಣು ಸುತ್ತಿ ನಿಲ್ಲುತ್ತದೆ. ಹೊರಡುವಾಗ ಚಾಚಿ, ನಿಮ್ಮೂರಿಗೆ ಹೋಗಿ ಬೇಗ ನಿಮ್ಮೂರಿಗೆ ಬಾ ಅಂದರು. ನಾನು ಎರಡಕ್ಕೂ ಹೂಂ ಅಂದೆ.

ಕಾಖಂಡಕಿಯಲ್ಲಿ ಬಸ್ಸು ನಿಂತಾಗ ಅಣ್ಣ ಬಾಗಿಲ ಹತ್ತಿರವೇ ಇದ್ದ. ಹೊರಳಿ, ಬಗ್ಗಿ, ಬೆನ್ನು ಕೊಟ್ಟ. ಗೇಟು ದಾಟಿದವಳು ನಾನು. ಒಂದು ಗಳಿಗೆ ತಡೆದೆ. ಆಮೇಲೆ ಅವನ ಕೊರಳಿಗೆ ಕೈ ಹಾಕಿ ಏರಿದೆ. ಜೋಳ ಎದೆಯುದ್ದ ಬೆಳೆದಿತ್ತು. ಅದೇ ಎಡಗಿವಿ, ಅದೇ ಕುರಿಯ ವಾಸನೆ, ಅದರ ಪಕ್ಕದಿಂದ ಅದೇ ಊರು. ಓಣಿಯ ಏರು ಬಂತು. ಅಣ್ಣನಿಗೆ ಉಸಿರು ಹತ್ತಿತು. ನನಗೇ ಗೊತ್ತಿಲ್ಲದ ಹಾಗೆ ಅವನ ಎದೆಯ ಮೇಲೆ ನನ್ನ ಎರಡೂ ಮುಷ್ಟಿ ತಿರುಗತೊಡಗಿದ್ದವು, ಹಿಡಿಕೆ ತಿರುವಿದ ಹಾಗೆ.

ಅಣ್ಣ ನಿಂತ. ತಲೆ ಹೊರಳಿಸದೆ ಹೇಳಿದ.

“ಸುಮ್ ಕೂಡವಾ ನೀಲವ್ವಾ. ಇದು ನನ್ನ ಪಾಳಿ.”

ನಾನು ಕೈ ಸುಮ್ಮನಿಟ್ಟೆ. ಅವನು ಏರು ಅಡ್ಡಡ್ಡ ಹತ್ತತೊಡಗಿದ.